ಹಾಡಿನ ಕೊನೆಗೆ ಬರುವ ಹೆಸರು



ಆಳಂದ ತಾಲ್ಲೂಕಿನ ಭೂಸನೂರಿಗೆ ನಮ್ಮ ತಂಡ ಭಜನಾ ಪದಗಳ ಚಿತ್ರೀಕರಣಕ್ಕೆ ಹೋಗಿತ್ತು. ಕಬ್ಬು ಕಡಿಯುವ ಕಾಲ. ಸಕ್ಕರೆ ಕಾರ್ಖಾನೆಯ ಕಡೆಗೆ ಸಾಗುವ ಟ್ರ್ಯಾಕ್ಟರುಗಳ ಸದ್ದು ಅಡಗುವವರೆಗೆ ಕಾದು, ರಾತ್ರಿ ಹನ್ನೊಂದರ ನಂತರ ಧ್ವನಿಮುದ್ರಣ ಆರಂಭಿಸಿದೆವು. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಹಾರ್ಮೋನಿಯಂ. ಹಿರಿಯರು ಹಾಡುತ್ತಿದ್ದರೆ ಪಿಯುಸಿ ಓದುವ ಹುಡುಗನೊಬ್ಬ ನಮ್ಮ ಕೇಬಲ್ ಪೆಟ್ಟಿಗೆಯ ಮೇಲೆ ಕುಳಿತು, ಮೊಬೈಲಿನಲ್ಲಿ ಯಾವುದೋ ಜಪಾನಿ ಕುಣಿತದ ಆಟದ ವಿಡಿಯೋ ನೋಡುತ್ತಿದ್ದ.

ವಿರಾಮದಲ್ಲಿ ಅವನು ನನ್ನ ಬಳಿ ಬಂದು ಎರಡು ಪ್ರಶ್ನೆ ಕೇಳಿದ. "ಸರ, ಈ ಪದ ಕಟ್ಟಿದಾತ ಕಡಕೋಳ ಮಡಿವಾಳಪ್ಪ ಅಂತೀರಿ. ಕೊನೀಗೆ ಮಾತ್ರ 'ಮಹಾಂತ' ಅಂತ ಬರ್ತದ. ಯಾಕ್ರೀ?" ಇದು ಮೊದಲನೆಯದು. ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ಎರಡನೆಯದನ್ನು ಕೇಳಿದ: "ಇಲ್ಲಿ ನೋಡ್ರಿ, ಈ ಹಾಡಿಗಿ ಸಂಗೀತ ಕೊಟ್ಟಾತನ ಹೆಸರು '180' ಅಂತ ಅದ. ಮನುಷ್ಯಾಗ 180 ಅಂತ ಹೆಸರು ಇರ್ತದೇನ್ರಿ?"

ಅವನಿಗೆ ಅಂದು ಅವಸರದಲ್ಲಿ ಅರ್ಧ ಉತ್ತರ ಕೊಟ್ಟೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಡಕೋಳದ ಪದಕ್ಕೂ ಜಪಾನಿನ ಆಟಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಗೀತ ಕಟ್ಟಿದವನು ತನ್ನ ಹೆಸರನ್ನು ಬಿಟ್ಟು ಬೇರೊಂದು ಹೆಸರನ್ನು ಹಾಡಿಗೆ ಅಂಟಿಸುವುದು ಎರಡೂ ಕಡೆ ಇದೆ. ಆ ಬೇರೆ ಹೆಸರನ್ನು ಕೊಟ್ಟವರು ಯಾರು ಎಂಬಲ್ಲಿಂದ ವ್ಯತ್ಯಾಸ ಶುರುವಾಗುತ್ತದೆ.

ಮೊದಲು ನಮ್ಮ ನೆಲದ ವಿಷಯ. ಮಡಿವಾಳಪ್ಪನವರು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಕಡಕೋಳದಲ್ಲಿ ನೆಲೆ ನಿಂತವರು. ಕಡಕೋಳ ಆಗ ಜೇವರ್ಗಿ ಸೀಮೆಯ ಊರು, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಅವರ ಕಾಲ. ಅವರ ಶಿಷ್ಯ ಬಳಗದಲ್ಲಿ ಚನ್ನೂರು ಜಲಾಲಸಾಹೇಬ, ಖೈನೂರು ಕೃಷ್ಣಪ್ಪ ಮುಂತಾದ ತತ್ವಪದಕಾರರು ಇದ್ದರು. ಆ ಹೆಸರುಗಳನ್ನು ಓದಿದರೆ ಸಾಕು, ಜಾತಿ ಧರ್ಮಗಳ ಗೋಡೆ ಅಲ್ಲಿ ಎಷ್ಟು ತಗ್ಗಾಗಿತ್ತು ಎಂಬುದು ತಿಳಿಯುತ್ತದೆ. 'ಮಹಾಂತ' ಎಂಬುದು ಗುರುಸ್ಥಾನಕ್ಕೆ ಸಲ್ಲಿಸಿದ ಹೆಸರು. ಹಾಡು ನನ್ನದಲ್ಲ, ಗುರುವಿನದು ಎಂದು ಹಾಡಿನೊಳಗೇ ಬರೆದುಕೊಟ್ಟ ಪತ್ರವಿದ್ದಂತೆ. ಇದನ್ನೇ ಅಂಕಿತ ಎನ್ನುತ್ತೇವೆ.

ಪಠ್ಯಪುಸ್ತಕದಲ್ಲಿ ನೀವು ಓದಿದ ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ಅಕ್ಕನ ಚೆನ್ನಮಲ್ಲಿಕಾರ್ಜುನ ಎಲ್ಲವೂ ಅಂಕಿತಗಳೇ. ಶಿಗ್ಗಾವಿ ಸೀಮೆಯ ಶಿಶುವಿನಹಾಳದ ಮಹಮ್ಮದ ಷರೀಫರು (1819-1889) ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಗುರು ಕಳಸದ ಗೋವಿಂದಭಟ್ಟರು. ಆದರೆ ಪದದ ಕೊನೆಗೆ ಹೆಚ್ಚಾಗಿ ಬರುವುದು ಷರೀಫರ ಹೆಸರೂ ಅಲ್ಲ, ಭಟ್ಟರ ಹೆಸರೂ ಅಲ್ಲ, ತಮ್ಮೂರಿನ ದೇವರು ಶಿಶುನಾಳಾಧೀಶ.

ಅಂಕಿತಕ್ಕೆ ಭಕ್ತಿಯ ಹೊರತಾಗಿ ಇನ್ನೊಂದು ಉಪಯೋಗವಿದೆ. ನನ್ನಂಥ ವಿಜ್ಞಾನ ಓದಿದವನಿಗೆ ಬೇಗ ಕಾಣುವುದು ಅದು. ಅಚ್ಚು ಇಲ್ಲದ, ಕ್ಯಾಸೆಟ್ ಇಲ್ಲದ ಕಾಲದಲ್ಲಿ ಹಾಡು ಬಾಯಿಂದ ಬಾಯಿಗೆ ಹೋಗುತ್ತಿತ್ತು. ರಟ್ಟಿನ ಮೇಲೆ ಹೆಸರು ಬರೆಯಲು ರಟ್ಟೇ ಇರಲಿಲ್ಲ. ಹಾಗಾಗಿ ಹೆಸರನ್ನು ಹಾಡಿನ ಛಂದಸ್ಸಿನೊಳಗೇ ಹೆಣೆದುಬಿಟ್ಟರು. ಅದನ್ನು ಕಿತ್ತರೆ ತಾಳ ತಪ್ಪುತ್ತದೆ, ಪ್ರಾಸ ಕೆಡುತ್ತದೆ. ಇನ್ನೂರು ವರ್ಷ ಕಳೆದರೂ ಭೂಸನೂರಿನ ಕಟ್ಟೆಯ ಮೇಲೆ ಹಾಡುವವರು ಅದನ್ನು ಬಿಡಲಾರರು. ಇದಕ್ಕಿಂತ ಗಟ್ಟಿಯಾದ ಗುರುತಿನ ಚೀಟಿಯನ್ನು ಕಂಪ್ಯೂಟರ್ ಕಾಲದಲ್ಲೂ ನಾನು ಕಂಡಿಲ್ಲ.

ಅಂಕಿತದ ಜಾಡು ಹಿಡಿದು ಒಬ್ಬ ರಚನಕಾರನ ಬದುಕಿನ ತಿರುವನ್ನೂ ಗುರುತಿಸಬಹುದು. ರಾಯಚೂರು ಜಿಲ್ಲೆಯ ಮೊಸರಕಲ್ಲಿನ ಭಾಗಣ್ಣ ಎಂಬವರು ಮೊದಲು 'ವೆಂಕಟಕೃಷ್ಣ' ಎಂಬ ಅಂಕಿತದಲ್ಲಿ ಪದ ಕಟ್ಟುತ್ತಿದ್ದರು. ಮುಂದೆ ವಿಜಯದಾಸರ ಶಿಷ್ಯರಾದಾಗ ಗುರುಗಳು ಕೊಟ್ಟ ಅಂಕಿತ 'ಗೋಪಾಲವಿಠಲ'. ಅಂದಿನಿಂದ ಅವರು ಗೋಪಾಲದಾಸರು. ವ್ಯಕ್ತಿ ಒಬ್ಬರೇ, ಸಹಿ ಎರಡು. ಯಾವ ಪದ ದೀಕ್ಷೆಗಿಂತ ಮೊದಲಿನದು, ಯಾವುದು ನಂತರದ್ದು ಎಂದು ತಿಳಿಯಲು ಕೊನೆಯ ಸಾಲು ನೋಡಿದರಾಯಿತು. ಇದನ್ನು ನೆನಪಿನಲ್ಲಿಡಿ, ಜಪಾನಿಗೆ ಹೋದಾಗ ಬೇಕಾಗುತ್ತದೆ.

ಸಿನಿಮಾ ಬಂದ ಮೇಲೆ ಹಾಡಿನೊಳಗಿದ್ದ ಹೆಸರು ಹೊರಗೆ ಬಂತು. ಗ್ರಾಮಫೋನ್ ತಟ್ಟೆಯ ನಡುವಿನ ಕಾಗದದ ಮೇಲೆ, ಭಿತ್ತಿಪತ್ರದ ಮೇಲೆ, ಪರದೆಯ ಮೇಲೆ ಕುಳಿತಿತು. ಆಗ ಹೆಸರು ಕಿವಿಗೆ ಇಂಪಾಗಿರಬೇಕು, ಇನ್ನೊಬ್ಬರ ಹೆಸರಿನೊಡನೆ ಕಲೆಯಬಾರದು ಎಂಬ ಚಿಂತೆ ಶುರುವಾಯಿತು. 'ಬಂಗಾರದ ಮನುಷ್ಯ' (1972) ಚಿತ್ರದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ರಾಜಾ ಎಂಬ ತಮಿಳು ತರುಣ ಸಹಾಯಕನಾಗಿ ದುಡಿಯುತ್ತಿದ್ದ. ಎಷ್ಟೋ ಕನ್ನಡ ಹಾಡುಗಳ ಹಿಂದೆ ಆತನ ಕೈಕೆಲಸವಿದೆ. 1976ರಲ್ಲಿ 'ಅನ್ನಕ್ಕಿಳಿ' ಎಂಬ ತಮಿಳು ಚಿತ್ರಕ್ಕೆ ಸ್ವತಂತ್ರವಾಗಿ ಸಂಗೀತ ಕೊಡುವಾಗ ಒಂದು ತೊಡಕು ಎದುರಾಯಿತು. ಎ.ಎಂ. ರಾಜಾ ಎಂಬ ಹೆಸರಾಂತ ಗಾಯಕ, ಸಂಗೀತಗಾರ ಮೊದಲೇ ಇದ್ದರು. ಆದ್ದರಿಂದ 'ಕಿರಿಯ' ಎಂಬರ್ಥದ 'ಇಳೈಯ' ಸೇರಿಸಿದರು. ಇಳಯರಾಜ ಹುಟ್ಟಿದ್ದು ಹೀಗೆ.

ನಮ್ಮ ಗಂಗರಾಜು ಅವರ ಕಥೆ ಇನ್ನೂ ಸೊಗಸು. ಅವರು ಬರೆಯುತ್ತಿದ್ದ ಪೆನ್ನು ಸ್ವಾನ್ ಕಂಪನಿಯದು. ಸ್ವಾನ್ ಎಂದರೆ ಹಂಸ, ಪೆನ್ನು ಎಂದರೆ ಲೇಖನಿ. ಹಂಸಲೇಖನಿ ಹೋಗಿ ಹಂಸಲೇಖ ಉಳಿಯಿತು. 1987ರ 'ಪ್ರೇಮಲೋಕ'ದಲ್ಲಿ ಸಾಹಿತ್ಯವೂ ಅವರದೇ, ಸ್ವರಸಂಯೋಜನೆಯೂ ಅವರದೇ. ಬರೆಯುವ ಪೆನ್ನಿನ ಹೆಸರು ಹೊತ್ತವರು ರಾಗವನ್ನೂ ಬರೆದರು ಎನ್ನಬಹುದು. 'ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರದ ಸಂಗೀತಕ್ಕೆ ಅವರಿಗೆ 1995ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಇತ್ತೀಚಿನ ಅರ್ಜುನ್ ಜನ್ಯ ಕೂಡ ಮೂಲತಃ ಲೋಕೇಶ್ ಕುಮಾರ್. ಇವರೆಲ್ಲರ ಹೊಸ ಹೆಸರಿನ ಹಿಂದೆ ಯಾವ ಗುಟ್ಟೂ ಇಲ್ಲ. ಹಂಸಲೇಖ ಯಾರು ಎಂದು ಕೇಳಿದರೆ ಬೀದಿಯ ಮಗುವೂ ಹೇಳುತ್ತದೆ. ಗುಟ್ಟು ಇರುವುದು ಮುಂದಿನ ಕಥೆಯಲ್ಲಿ.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಟಿ.ವಿ.ಗೆ ಜೋಡಿಸುವ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಆಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಧ್ವನಿ ಹುಟ್ಟಿಸಲು ಐದೇ ದಾರಿ. ಎರಡರಲ್ಲಿ ಚೌಕದ ಆಕಾರದ ಅಲೆ, ಒಂದರಲ್ಲಿ ತ್ರಿಕೋನದ ಅಲೆ, ಒಂದರಲ್ಲಿ 'ಸೊರ್' ಎನ್ನುವ ಸದ್ದು, ಐದನೆಯದರಲ್ಲಿ ತೀರ ಚಿಕ್ಕ ಧ್ವನಿಮುದ್ರಿತ ತುಣುಕು. ಒಂದು ದಾರಿಯಲ್ಲಿ ಒಂದು ಹೊತ್ತಿಗೆ ಒಂದೇ ಸ್ವರ. ಭೂಸನೂರಿನ ಭಜನಾ ಮೇಳವನ್ನು ಅದರ ಪಕ್ಕದಲ್ಲಿಟ್ಟು ನೋಡಿ: ಚೌಕದ ಅಲೆಗಳು ಮುಂದಾಳು ಹಾಡುಗಾರ ಮತ್ತು ಹಿಮ್ಮೇಳದವನಂತೆ, ತ್ರಿಕೋನದ ಅಲೆ ಕೆಳಗಿನ ಸ್ವರ ಹಿಡಿಯುವ ಹಾರ್ಮೋನಿಯಂನಂತೆ, 'ಸೊರ್' ಸದ್ದು ತಾಳದಂತೆ. ಇಷ್ಟರಲ್ಲೇ ಗಂಟೆಗಟ್ಟಲೆ ಬೇಸರ ಬಾರದ ಸಂಗೀತ ಮಾಡಬೇಕು. ಸ್ವರಗಳನ್ನು ಅಂಕಿಗಳಾಗಿ ಯಂತ್ರಕ್ಕೆ ಊಡಿಸಬೇಕಾದ್ದರಿಂದ ಈ ಕೆಲಸಕ್ಕೆ ಬಂದವರಲ್ಲಿ ಎಂಜಿನಿಯರುಗಳೂ ಇದ್ದರು. 1980ರಲ್ಲಿ ನಿಂಟೆಂಡೊ ಸೇರಿದ ಹಿರೊಕಾಜು ತನಾಕಾ ಅಂಥವರೇ. 'ಮೆಟ್ರಾಯ್ಡ್' (1986) ಆಟದ ಸಂಗೀತ ಅವರದು. ಅವರು ಬಳಸಿದ ಹೆಸರು 'ಹಿಪ್ ತನಾಕಾ'. ಬಹಳ ವರ್ಷಗಳ ಮೇಲೆ ವೇದಿಕೆಯಲ್ಲಿ ಆ ಹಳೆಯ ಚಿಪ್ಪಿನ ಧ್ವನಿಗಳನ್ನೇ ನುಡಿಸಲು ಹೊರಟಾಗ 'ಚಿಪ್ ತನಾಕಾ' ಎಂದು ಇಟ್ಟುಕೊಂಡರು. ತಮಾಷೆಯ ಹೆಸರು, ಆದರೆ ಒಳಗಿನ 'ತನಾಕಾ' ಹಾಗೆಯೇ ಉಳಿಯಿತು.

ಎಲ್ಲರಿಗೂ ಆ ಭಾಗ್ಯ ಇರಲಿಲ್ಲ. ಆ ಕಾಲದ ಹಲವು ಆಟದ ಕಂಪನಿಗಳಿಗೆ ಒಂದು ಭಯವಿತ್ತು. ಸಂಗೀತ ಯಾರದೆಂದು ಪರದೆಯ ಮೇಲೆ ಹಾಕಿದರೆ ಎದುರಾಳಿ ಕಂಪನಿ ಹೆಚ್ಚು ಸಂಬಳ ತೋರಿಸಿ ಅವರನ್ನು ಸೆಳೆದುಕೊಂಡುಬಿಟ್ಟರೆ? ಆದ್ದರಿಂದ ನೌಕರರ ನಿಜ ಹೆಸರಿನ ಬದಲು ಅಡ್ಡಹೆಸರು ಹಾಕುವ ರೂಢಿ ಬೆಳೆಯಿತು. ಕ್ಯಾಪ್‌ಕಾಮ್ ಕಂಪನಿಯ 'ಮೆಗಾ ಮ್ಯಾನ್' (1987) ಆಟಕ್ಕೆ ಸಂಗೀತ ಕೊಟ್ಟ ಮನಾಮಿ ಮತ್ಸುಮಾಯೆ ಎಂಬಾಕೆ ಪರದೆಯ ಮೇಲೆ 'ಚಾಂಚಾಕೊರಿನ್ ಮನಾಮಿ' ಆದರು. ಎರಡನೆಯ 'ಮೆಗಾ ಮ್ಯಾನ್'ನ ತಕಾಶಿ ತತೆಇಶಿ 'ಒಗೆರೆತ್ಸು ಕುನ್' ಆದರು. ಕೊನಾಮಿ ಕಂಪನಿಯ ಸಂಗೀತ ವಿಭಾಗಕ್ಕಂತೂ 'ಕುಕೇಹಾ ಕ್ಲಬ್' ಎಂದು ಒಟ್ಟಿಗೆ ಒಂದು ಹೆಸರು. ಕುಕೇಹಾ ಎಂದರೆ ನಾನು ಮೇಲೆ ಹೇಳಿದ ಅದೇ ಚೌಕದ ಅಲೆ!

ಇದೇ ಕೊನಾಮಿಯ 'ಕ್ಯಾಸಲ್‌ವೇನಿಯಾ' (1986) ರಕ್ತಪಿಶಾಚಿ ಡ್ರಾಕುಲಾನ ಕೋಟೆಗೆ ನುಗ್ಗುವ ಆಟ. ಅದರ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ಒಬ್ಬರ ನಿಜ ಹೆಸರೂ ಇಲ್ಲ. ಎಲ್ಲವೂ ಹಳೆಯ ಭೂತದ ಸಿನಿಮಾಗಳ ನಟರ, ತಂತ್ರಜ್ಞರ ಹೆಸರುಗಳನ್ನು ತಿರುಚಿ ಮಾಡಿದ ಕುಚೇಷ್ಟೆ. 'ಡ್ರಾಕುಲಾ' ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಅಲ್ಲಿ 'ವ್ರಾಮ್ ಸ್ಟೋಕರ್'. ಸಂಗೀತ 'ಜೇಮ್ಸ್ ಬನಾನಾ' ಅವರದಂತೆ! 1958ರ 'ಡ್ರಾಕುಲಾ' ಚಿತ್ರಕ್ಕೆ ಸಂಗೀತ ಕೊಟ್ಟ ಜೇಮ್ಸ್ ಬರ್ನಾರ್ಡ್ ಅವರ ಹೆಸರನ್ನು ಬಾಳೆಹಣ್ಣು ಮಾಡಿದ್ದಾರೆ. ಆ ಸಂಗೀತವನ್ನು ನಿಜವಾಗಿ ಕಟ್ಟಿದವರು ಕಿನುಯೊ ಯಮಾಶಿತಾ ಮತ್ತು ಸತೊಎ ತೆರಾಶಿಮಾ ಎಂಬ ಇಬ್ಬರು ತರುಣಿಯರು. ಯಮಾಶಿತಾ ಆಗತಾನೆ ಕೆಲಸಕ್ಕೆ ಸೇರಿದ್ದರು.

ನಗಬೇಕಾದ ವಿಷಯವೇ, ಆದರೆ ನನಗೆ ಪೂರ್ತಿ ನಗು ಬರುವುದಿಲ್ಲ. ಅಮೆರಿಕ, ಯೂರೋಪುಗಳಲ್ಲಿ ಲಕ್ಷಾಂತರ ಮಕ್ಕಳು ಆ ರಾಗಗಳನ್ನು ಗುನುಗುತ್ತ ಬೆಳೆದರು. ಅವರಿಗೆ ಸಿಕ್ಕಿದ್ದು ಒಂದು ಬಾಳೆಹಣ್ಣಿನ ಹೆಸರು, ಅದೂ ಗಂಡಸಿನದು. ಕಟ್ಟಿದವರು ಹೆಂಗಸರು ಎಂಬ ಸುಳಿವು ಕೂಡ ಆ ಪಟ್ಟಿಯಲ್ಲಿ ಇರಲಿಲ್ಲ. ಯಮಾಶಿತಾ ಮುಂದೆ ಕೊನಾಮಿಯನ್ನು ಬಿಟ್ಟು ಸ್ವತಂತ್ರವಾಗಿ ಕೆಲಸ ಮಾಡಿದರು. ಹೊಸ ಕೆಲಸ ಕೇಳಲು ಹೋದ ಕಲಾವಿದೆಗೆ 'ಜೇಮ್ಸ್ ಬನಾನಾ ನಾನೇ' ಎಂದು ಹೇಳಿ ನಂಬಿಸುವುದು ಎಷ್ಟು ಕಷ್ಟ, ನೀವೇ ಯೋಚಿಸಿ.

ಈಗ ಹುಡುಗನ 180ಕ್ಕೆ ಬರೋಣ. ಅದು ಕೊನಾಮಿಯದೇ ಇನ್ನೊಂದು ಆಟ, 'ಡಾನ್ಸ್ ಡಾನ್ಸ್ ರೆವಲ್ಯೂಷನ್'. 1998ರಲ್ಲಿ ಬಂತು. ಪರದೆಯ ಮೇಲೆ ಬಾಣಗಳು ಏರುತ್ತವೆ, ಆಡುವವನು ಕಾಲಕೆಳಗಿನ ಬಾಣಗಳನ್ನು ತಾಳಕ್ಕೆ ಸರಿಯಾಗಿ ಮೆಟ್ಟಬೇಕು. ಹಾಡುಗಳ ಪಟ್ಟಿಯಲ್ಲಿ ಪ್ರತಿ ಹಾಡಿನ ಜೊತೆಗೆ ಕಲಾವಿದನ ಹೆಸರು. 'ಪ್ಯಾರನೋಯಾ' ಎಂಬ ಹಾಡು '180' ಅವರದು. 'ಟ್ರಿಪ್ ಮಷಿನ್' 'ಡಿ-ಸೈರ್' ಅವರದು. 'ಪ್ಯಾರನೋಯಾ ಮ್ಯಾಕ್ಸ್' '190' ಅವರದು. 'ಆಫ್ರೋನೋವಾ' 'ರಿ-ವೆಂಜ್' ಅವರದು. 'ಮ್ಯಾಕ್ಸ್ 300' ಗ್ರೀಕ್ ಅಕ್ಷರ 'ಒಮೆಗಾ' ಅವರದು. 'ಮ್ಯಾಕ್ಸ್ ಅನ್‌ಲಿಮಿಟೆಡ್' 'ಝಡ್' ಅವರದು. ಓದಿದವರಿಗೆ ದೊಡ್ಡದೊಂದು ಕಲಾವಿದರ ಸಂತೆಯೇ ಕಂಡೀತು. ಇಷ್ಟೂ ಮಂದಿ ಒಬ್ಬರೇ: ನಾವೋಕಿ ಮಾಯೆಡಾ, ಕೊನಾಮಿಯ ಸಂಗೀತಗಾರ. ತಮ್ಮದೇ 'ನಾವೋಕಿ' ಎಂಬ ಹೆಸರಿನಲ್ಲೂ ಅವರು ಹಾಡು ಕೊಟ್ಟಿದ್ದಾರೆ.

180 ಎಂಬುದು ಆ ಹಾಡಿನ ವೇಗ. ನಿಮಿಷಕ್ಕೆ 180 ತಾಳ, ಅಂದರೆ ಸೆಕೆಂಡಿಗೆ ಮೂರು. '190' ಎಂಬವರ ಹಾಡಿಗೆ ನಿಮಿಷಕ್ಕೆ 190. 'ಮ್ಯಾಕ್ಸ್ 300' ಹೆಸರೇ ಹೇಳುವಂತೆ 300, ಸೆಕೆಂಡಿಗೆ ಐದು. ಎರಡು ತಾಳಗಳ ನಡುವೆ ಸಿಗುವುದು ಸೆಕೆಂಡಿನ ಐದನೆಯ ಒಂದು ಭಾಗ. ಗಡಿಯಾರ ಹಿಡಿದು ಅಷ್ಟು ವೇಗದಲ್ಲಿ ಚಪ್ಪಾಳೆ ತಟ್ಟಿ ನೋಡಿ, ಆಮೇಲೆ ಕಾಲಿನಲ್ಲಿ ಪ್ರಯತ್ನಿಸಿ! ಮಡಿವಾಳಪ್ಪನವರ ಅಂಕಿತ ಗುರುವಿನ ದಾರಿ ತೋರಿದರೆ, ಮಾಯೆಡಾ ಅವರ ಅಂಕಿತ ಕಾಲಿನ ವೇಗ ತೋರುತ್ತದೆ.

ಇಲ್ಲಿ ಗೋಪಾಲದಾಸರನ್ನು ನೆನೆಯಿರಿ. ಅವರದು ಬದುಕಿನ ಒಂದು ಘಟ್ಟಕ್ಕೆ ಒಂದು ಅಂಕಿತ, ಇವರದು ಒಂದು ಬಗೆಯ ಹಾಡಿಗೆ ಒಂದು ಹೆಸರು. ಜಪಾನಿಗೆ ಇದು ಹೊಸದೂ ಅಲ್ಲ. ಕಡಲ ಅಲೆಯ ಚಿತ್ರದಿಂದ ಲೋಕಪ್ರಸಿದ್ಧನಾದ ಚಿತ್ರಕಾರ ಹೊಕುಸಾಯ್ (1760-1849) ಜೀವಮಾನದಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರು ಬದಲಿಸಿದ. ಹಾಗಾಗಿ ಮಾಯೆಡಾ ಅವರ ಆಟವನ್ನು ನಾನು ಬನಾನಾ ಹೆಸರಿನ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಒಂದು ಕಲಾವಿದ ಹಾಕಿಕೊಂಡ ವೇಷ, ಇನ್ನೊಂದು ಮುಖ ಕಾಣದಂತೆ ಹೊದಿಸಿದ ಮುಸುಕು.

ಆದರೆ 2013ರಲ್ಲಿ ಮಾಯೆಡಾ ಕೊನಾಮಿಯನ್ನು ಬಿಟ್ಟರು. ಕ್ಯಾಪ್‌ಕಾಮ್‌ಗಾಗಿ 'ಕ್ರಾಸ್ ಬೀಟ್ಸ್' ಎಂಬ ಹೊಸ ತಾಳದ ಆಟವನ್ನು ರೂಪಿಸಿದರು. 180, ಒಮೆಗಾ, ಝಡ್ ಎಲ್ಲರ ಹಾಡುಗಳೂ ಹಳೆಯ ಆಟದಲ್ಲೇ ಉಳಿದವು. ಇದೇಕೆ ಎಂದು ತಿಳಿಯಲು ಸ್ವಲ್ಪ ಕಾನೂನು ಬೇಕು. ಜಪಾನಿನ ಕೃತಿಸ್ವಾಮ್ಯ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ನೌಕರ ಕೆಲಸದ ಭಾಗವಾಗಿ ಮಾಡಿದ ಕೃತಿ ಸಂಸ್ಥೆಯ ಹೆಸರಿನಲ್ಲಿ ಪ್ರಕಟವಾದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಆ ಕೃತಿಯ ಕರ್ತೃವೇ ಸಂಸ್ಥೆ. ಗಮನಿಸಿ, ಬರೀ ಮಾಲೀಕ ಅಲ್ಲ, ಕರ್ತೃ. ಪರದೆಯ ಮೇಲೆ ಯಾರ ಹೆಸರು ಬರುತ್ತದೆ ಎಂಬುದು ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ ಎಂಬುದು ಈಗ ತಿಳಿಯಿತಲ್ಲ?

ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ನೌಕರಿಯಲ್ಲಿದ್ದು ಮಾಡಿದ ಕೃತಿಯ ಮೊದಲ ಒಡೆಯ ಸಾಮಾನ್ಯವಾಗಿ ಇಲ್ಲಿಯೂ ಮಾಲೀಕನೇ. ಆದರೆ ಕರ್ತೃ ಮನುಷ್ಯನೇ ಆಗಿರುತ್ತಾನೆ. 57ನೆಯ ಕಲಮು ಅವನಿಗೆ ವಿಶೇಷ ಹಕ್ಕು ಕೊಡುತ್ತದೆ. ಹಾಡಿನ ಹಕ್ಕನ್ನೆಲ್ಲ ಮಾರಿದ ಮೇಲೂ 'ಇದನ್ನು ಕಟ್ಟಿದವನು ನಾನು' ಎಂದು ಹೇಳಿಕೊಳ್ಳಬಹುದು, ತನ್ನ ಗೌರವಕ್ಕೆ ಕುಂದು ಬರುವಂತೆ ಯಾರಾದರೂ ಹಾಡನ್ನು ಕೆಡಿಸಿದರೆ ಆಕ್ಷೇಪಿಸಬಹುದು. 2012ರ ತಿದ್ದುಪಡಿ ಚಿತ್ರಗೀತೆಗಳ ಕವಿಗೂ ಸಂಗೀತಗಾರನಿಗೂ ರಾಯಧನದ ಪಾಲನ್ನು ಭದ್ರಪಡಿಸಿತು.

ಅಡ್ಡಹೆಸರಿನ ಕೃತಿಗಳಿಗೆಂದೇ ಒಂದು ಕಲಮಿದೆ, 23ನೆಯದು. ಮಾಮೂಲಿ ಹಾಡಿಗೆ ಕರ್ತೃ ತೀರಿಕೊಂಡ ನಂತರ 60 ವರ್ಷ ರಕ್ಷಣೆ. ಅಡ್ಡಹೆಸರಿನಲ್ಲಿ ಬಂದು ಕರ್ತೃ ಯಾರೆಂದು ತಿಳಿಯದಿದ್ದರೆ, ಪ್ರಕಟವಾದ ಮುಂದಿನ ವರ್ಷದಿಂದಲೇ 60 ವರ್ಷದ ಎಣಿಕೆ ಶುರು. ಆ ಅವಧಿ ಮುಗಿಯುವುದರೊಳಗೆ ನಿಜ ಹೆಸರು ಬಹಿರಂಗವಾದರೆ ಮಾತ್ರ ಪುನಃ ಮರಣಾನಂತರದ 60 ವರ್ಷಕ್ಕೆ ಹಿಗ್ಗುತ್ತದೆ. ಒಂದು ಉದಾಹರಣೆ ನೋಡೋಣ. 25ನೆಯ ವಯಸ್ಸಿನಲ್ಲಿ ಹಾಡು ಕಟ್ಟಿದವಳೊಬ್ಬಳು 80 ವರ್ಷ ಬಾಳಿದಳು ಎಂದುಕೊಳ್ಳಿ. ಹೆಸರು ಗೊತ್ತಿದ್ದರೆ ಹಾಡಿಗೆ ಸುಮಾರು 115 ವರ್ಷದ ರಕ್ಷಣೆ, ಗೊತ್ತಿಲ್ಲದಿದ್ದರೆ ಸುಮಾರು 60. ಹೆಸರೊಂದು ಮರೆಯಾದರೆ ಮಕ್ಕಳು, ಮೊಮ್ಮಕ್ಕಳ ಪಾಲಿನ 55 ವರ್ಷ ಕರಗುತ್ತದೆ.

ಇಷ್ಟೆಲ್ಲ ಬರೆಯುವ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ವರ್ಷಗಳ ಹಿಂದೆ ಬೇರೊಂದು ಊರಿನ ಭಜನಾ ಮೇಳದ ಕಾರ್ಯಕ್ರಮ ಸಂಕಲನ ಮಾಡುತ್ತಿದ್ದೆ. 26 ನಿಮಿಷಕ್ಕೆ ಕೂರಿಸಬೇಕಿತ್ತು, ಅರ್ಧ ನಿಮಿಷ ಹೆಚ್ಚಿತ್ತು. ಕೊನೆಯ ನುಡಿಯಲ್ಲಿ ಹೊಸ ರಾಗವೇನೂ ಇಲ್ಲವೆಂದು ಅದನ್ನೇ ಕತ್ತರಿಸಿದೆ. ಪ್ರಸಾರವಾದ ಮರುವಾರ ಮೇಳದ ಮುಖ್ಯಸ್ಥರು ಫೋನ್ ಮಾಡಿದರು. ಸಿಟ್ಟಿರಲಿಲ್ಲ, ಬೇಸರವಿತ್ತು. "ಯಪ್ಪಾ, ಎಲ್ಲಾ ಛಲೋ ತೋರಿಸೀರಿ. ಆದ್ರ ಗುರುನ ಹೆಸರು ಬರೋದ್ರಾಗ ಪದಾ ಮುಗಿಸೇಬಿಟ್ರಲ್ಲ. ಈಗ ಅದು ಯಾರ ಪದಾ ಅಂತ ಹ್ಯಾಂಗ ತಿಳೀಬೇಕು?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅದೇ ಕಾರ್ಯಕ್ರಮದ ಕೊನೆಗೆ ನಿರ್ಮಾಪಕನೆಂದು ನನ್ನ ಹೆಸರು ಮಾತ್ರ ದೊಡ್ಡ ಅಕ್ಷರದಲ್ಲಿ ನಾಲ್ಕು ಸೆಕೆಂಡು ನಿಂತಿತ್ತು.

ಭೂಸನೂರಿನ ಮುದ್ರಿಕೆಯಲ್ಲೂ ಹಾಗೆಯೇ ಸಮಯ ಮೀರಿತು, ಈ ಸಲ ಇಪ್ಪತ್ತೆರಡು ಸೆಕೆಂಡು. ಆರಂಭದಲ್ಲಿ ಕಬ್ಬಿನ ಗದ್ದೆಯ ಮೇಲೆ ಸೂರ್ಯ ಮುಳುಗುವ ದೃಶ್ಯವೊಂದಿತ್ತು. ನಮ್ಮ ಛಾಯಾಗ್ರಾಹಕರು ಅದಕ್ಕಾಗಿ ಎರಡು ಸಂಜೆ ಕಾದಿದ್ದರು. ಅವರ ಕ್ಷಮೆ ಕೇಳಿ ಆ ದೃಶ್ಯವನ್ನು ತೆಗೆದೆ. ಕೊನೆಯ ನುಡಿ ಪೂರ್ತಿಯಾಗಿ, ಮಹಾಂತನ ಹೆಸರಿನವರೆಗೆ ಹಾಗೆಯೇ ಇದೆ. ಅದರ ಕೆಳಗೆ ಮಡಿವಾಳಪ್ಪನವರ ಹೆಸರನ್ನೂ, ಹಾಡಿದವರ, ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ ನುಡಿಸಿದವರ ಹೆಸರುಗಳನ್ನೂ ಓದಲು ಸಾಕಾಗುವಷ್ಟು ಹೊತ್ತು ಪರದೆಯ ಮೇಲೆ ನಿಲ್ಲಿಸಿದ್ದೇವೆ.